ದಾಳ ಪರೀಕ್ಷಿಸಿ, ಗೆಲ್ಲುವ ಶಿಸ್ತು ಕಲಿಯಿರಿ: ಆರು ಸೂತ್ರಗಳು

ಜರ್ಮನಿಯಲ್ಲಿ ಓದುತ್ತಿದ್ದೀರಾ? ಕೆಲಸಕ್ಕೆ ಸೇರಿದ್ದೀರಾ? ವೀಕೆಂಡ್‌ನಲ್ಲಿ ಗೆಳೆಯರು ಬೋರ್ಡ್ ಗೇಮ್‌ಗೆ ಕರೆಯುವುದು ಖಚಿತ. 1995ರಲ್ಲಿ ಬಂದ ಕ್ಲೌಸ್ ಟಾಯ್ಬರ್ ಅವರ ‘ಕಟಾನ್’ ಇರಲಿ, ನಮ್ಮ ಪಗಡೆಯ ವಂಶದ ‘ಮೆನ್ಶ್ ಎರ್ಗೆರೆ ಡಿಶ್ ನಿಶ್ಟ್’ ಇರಲಿ, ಆಟ ನಡೆಯುವುದು ದಾಳದ ಮೇಲೆ. ಆ ದಾಳವನ್ನು ಪರೀಕ್ಷಿಸಲು ಕಲಿಯಿರಿ. ಅದೇ ಶಿಸ್ತು ಕೆರಿಯರ್‌ನಲ್ಲೂ ಕೈಹಿಡಿಯುತ್ತದೆ.

1. ಗೊಣಗಬೇಡಿ, ಲೆಕ್ಕ ಹಾಕಿ.
‘ಮೆನ್ಶ್’ನಲ್ಲಿ ಕಾಯಿ ಹೊರಬರಲು ಆರು ಬೀಳಬೇಕು. ಸಾಚಾ ದಾಳವನ್ನೇ ಮೂರು ಸಲ ಎಸೆದರೂ 100ರಲ್ಲಿ ಸುಮಾರು 58 ಬಾರಿ ಆರು ಬೀಳುವುದೇ ಇಲ್ಲ. ಇದು ದುರದೃಷ್ಟವಲ್ಲ, ಗಣಿತ.

2. ಮೊದಲು ಅಳೆಯಿರಿ.
ಕ್ಯಾಲಿಪರ್ ಹಿಡಿದು ಎದುರುಬದುರು ಮುಖಗಳ ಮೂರೂ ಅಂತರ ನೋಡಿ. 1 ಮತ್ತು 6ರ ನಡುವಿನ ಅಂತರ ಕಡಿಮೆಯಿದ್ದರೆ ಆ ಎರಡು ಮುಖಗಳೇ ಹೆಚ್ಚು ಬೀಳುತ್ತವೆ.

3. ಉಪ್ಪುನೀರಲ್ಲಿ ತೇಲಿಸಿ.
ಗಾಜಿನ ಲೋಟದ ಬಿಸಿನೀರಿಗೆ ದಾಳ ತೇಲುವವರೆಗೂ ಉಪ್ಪು ಕರಗಿಸಿ. ಬೆರಳಿಂದ ಮತ್ತೆ ಮತ್ತೆ ಹೊರಳಿಸಿ. ಪ್ರತಿಸಲ ಒಂದೇ ಮುಖ ಮೇಲೆ ಬಂದರೆ ಅದರ ಎದುರು ಬದಿ ಭಾರ ಎಂದರ್ಥ. ಇದು ಸುಳಿವು ಮಾತ್ರ, ತೀರ್ಪಲ್ಲ.

4. 600 ಸಲ ಎಸೆಯಿರಿ, ಪ್ರತಿಯೊಂದನ್ನೂ ಬರೆದಿಡಿ.
ಇಪ್ಪತ್ತು ಎಸೆತ ಏನನ್ನೂ ಹೇಳುವುದಿಲ್ಲ. ಬ್ರಿಟನ್ನಿನ ವಿಜ್ಞಾನಿ ವೆಲ್ಡನ್ 12 ದಾಳಗಳನ್ನು 26,306 ಸಲ ಎಸೆದರು. 5 ಅಥವಾ 6 ಬೀಳಬೇಕಿದ್ದದ್ದು ಶೇ. 33.33, ಬಿದ್ದದ್ದು ಶೇ. 33.77. ಸಣ್ಣ ದೋಷ ಸಿಗುವುದು ದೊಡ್ಡ ಶ್ರಮಕ್ಕೇ.

5. ಕೈ-ಸ್ಕ್ವೇರ್ ಪರೀಕ್ಷೆ ಕಲಿಯಿರಿ.
ಸಾಚಾ ದಾಳವಾದರೆ 600 ಎಸೆತದಲ್ಲಿ ಪ್ರತಿ ಮುಖ ಸುಮಾರು 100 ಸಲ ಬೀಳಬೇಕು. ಪ್ರತಿ ಮುಖ ಬಿದ್ದ ಸಂಖ್ಯೆಗೂ 100ಕ್ಕೂ ಇರುವ ವ್ಯತ್ಯಾಸದ ವರ್ಗವನ್ನು 100ರಿಂದ ಭಾಗಿಸಿ, ಆರನ್ನೂ ಕೂಡಿ. ಮೊತ್ತ 11.07 ದಾಟಿದರೆ ಅನುಮಾನಕ್ಕೆ ಆಧಾರವಿದೆ. 90, 95, 100, 98, 102, 115 ಬಂತೆನ್ನಿ. 115 ನೋಡಿ ಗಾಬರಿಯಾಗಬೇಡಿ, ಮೊತ್ತ 3.58, ದಾಳ ಪಾಸ್! ಈ ಲೆಕ್ಕದ ಹಿಂದಿನ ಗಣಿತಕ್ಕೆ 19ನೇ ಶತಮಾನದಲ್ಲೇ ದುಡಿದವರು ಜರ್ಮನಿಯ ಅಬೆ ಮತ್ತು ಹೆಲ್ಮರ್ಟ್. 1900ರಲ್ಲಿ ಅದನ್ನು ಪರೀಕ್ಷೆಯಾಗಿ ರೂಪಿಸಿದವರು ಸಂಖ್ಯಾಶಾಸ್ತ್ರಜ್ಞ ಪಿಯರ್ಸನ್.

6. ಫಲಿತಾಂಶ ಒಪ್ಪಿಕೊಳ್ಳಿ.
ಫೇಲಾದ ದಾಳ ಬದಲಿಸಿ. ಪಾಸಾದರೆ ನಿಮ್ಮ ಆಟ ಬದಲಿಸಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಸಾಲಿಗೆ ನೀವು ಸೇರಬೇಡಿ.

ಇಂಟರ್‌ವ್ಯೂ, ಅಪ್ರೈಸಲ್, ಪರೀಕ್ಷೆ, ಎಲ್ಲೇ ಹಿನ್ನಡೆಯಾದರೂ ಇದೇ ಕ್ರಮ ಅನುಸರಿಸಿ: ಅಳೆಯಿರಿ, ದಾಖಲಿಸಿ, ತಿದ್ದಿಕೊಳ್ಳಿ. ಇವತ್ತೇ ಒಂದು ದಾಳ, ಒಂದು ನೋಟ್‌ಬುಕ್ ತೆಗೆದುಕೊಂಡು ಶುರುಮಾಡಿ.