ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕಲಿತದ್ದು

ಟರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋಗಿರುವ ಕುರ್ದರ ಸಂಖ್ಯೆ ಮೂರು ಕೋಟಿಗೂ ಹೆಚ್ಚು. ಆದರೂ ಅವರಿಗೆ ಸ್ವಂತದ್ದೆನ್ನುವ ದೇಶವಿಲ್ಲ. ಆ ನಾಲ್ಕರಲ್ಲಿ ಎಲ್ಲೇ ಪೆಟ್ಟು ಬೀಳಲಿ, ಕಲೋನ್, ಪ್ಯಾರಿಸ್, ಲಂಡನ್ನಿನ ಬೀದಿಗಳಲ್ಲಿ ಜನ ಸೇರುತ್ತಾರೆ. ಕೆಲಸಕ್ಕೆಂದು ಜರ್ಮನಿಗೆ ಬಂದ ನಾನು ಪಕ್ಕದ ಮನೆಯ ಕುರ್ದ್ ದಂಪತಿಯ ಜೊತೆ ಅಂಥದ್ದೊಂದು ಮೆರವಣಿಗೆಗೆ ಹೋದೆ. ಆಮೇಲೆ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಸ್ವಯಂಸೇವಕನಾಗಿ ನಿಂತೆ. ಬೆಂಗಳೂರಿನಲ್ಲಿ ಧರಣಿ ಕೂತವನಿಗೆ ಇದೇನು ಮಹಾ ಎಂಬ ಹಮ್ಮಿತ್ತು. ಆ ಹಮ್ಮು ಇಳಿದದ್ದು ಹೀಗೆ.

1. ದಿನ ಒಂದೇ ಆದರೂ ಕಾನೂನು ಒಂದೇ ಅಲ್ಲ.

2014ರ ನವೆಂಬರ್ 1, ಐಸಿಸ್ ಮುತ್ತಿದ್ದ ಸಿರಿಯಾದ ಕುರ್ದ್ ಊರು ಕೊಬಾನಿಗಾಗಿ ವಿಶ್ವ ಕೊಬಾನಿ ದಿನ. 2018ರ ಮಾರ್ಚ್ 24, ಟರ್ಕಿ ದಾಳಿ ಮಾಡಿದ್ದ ಸಿರಿಯಾದ ಇನ್ನೊಂದು ಕುರ್ದ್ ಊರಿಗಾಗಿ ವಿಶ್ವ ಅಫ್ರಿನ್ ದಿನ. 2019ರ ನವೆಂಬರ್ 2, ಉತ್ತರ ಸಿರಿಯಾದ ಕುರ್ದ್ ಪ್ರದೇಶ ರೊಜಾವಾಕ್ಕಾಗಿ. ಮೂರೂ ಶನಿವಾರಗಳೇ. ದುಡಿಯುವವರು ಬಸ್ಸು ಮಾಡಿಕೊಂಡು ಬಂದು ರಾತ್ರಿ ಮನೆ ಸೇರಬೇಕಲ್ಲ! ದಿನ ಒಂದಾದ ಮೇಲೆ ಮಿಕ್ಕಿದ್ದೂ ಒಂದೇ ಇರುತ್ತದೆಂದು ನಾನು ಭಾವಿಸಿದ್ದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಸಭೆಯ ಕರೆ ಕೊಡುವುದಕ್ಕೆ 48 ಗಂಟೆ ಮುಂಚೆ ಅಧಿಕಾರಿಗಳಿಗೆ ತಿಳಿಸಬೇಕು. ಅದನ್ನೇ ನಂಬಿ ಲಂಡನ್ನಿನ ಗೆಳೆಯನಿಗೆ "ಎರಡು ದಿನ ಸಾಕು ಬಿಡಪ್ಪ" ಎಂದುಬಿಟ್ಟೆ. ಅಲ್ಲಿ ಮೆರವಣಿಗೆಗೆ ಪೂರ್ತಿ ಆರು ದಿನ ಮೊದಲು ಪೊಲೀಸರಿಗೆ ಲಿಖಿತ ನೋಟಿಸ್ ಕೊಡಬೇಕಂತೆ. ಕೊನೆಗೆ ಅವರು ನಡೆಯುವುದನ್ನು ಬಿಟ್ಟು ಒಂದೇ ಕಡೆ ನಿಂತು ಸಭೆ ಮಾಡಿದರು, ಅದಕ್ಕೆ ನೋಟಿಸ್ ಬೇಡ. ಈಗ ಬೇರೆ ಊರಿನವರ ಜೊತೆ ಹಂಚಿಕೊಳ್ಳುವುದು ತಾರೀಖು ಮತ್ತು ಬೇಡಿಕೆ ಮಾತ್ರ. ಉಳಿದದ್ದನ್ನು ಆ ಊರಿನವರೇ ನೋಡಿಕೊಳ್ಳಲಿ.

2. ಬಾವುಟಕ್ಕೆ ಕೈಹಾಕುವ ಮೊದಲು ಬಾಯಿಬಿಟ್ಟು ಕೇಳಿ.

ನನ್ನ ಕಣ್ಣಿಗೆ ಎಲ್ಲವೂ ಕುರ್ದ್ ಬಾವುಟಗಳೇ. ಇಪ್ಪತ್ತೊಂದು ಕಿರಣದ ಸೂರ್ಯನಿರುವ ಬಾವುಟ ಇರಾಕಿನ ಕುರ್ದಿಸ್ತಾನ ಪ್ರಾಂತ್ಯದ್ದು. ಸಿರಿಯಾದ ರೊಜಾವಾದವರಿಗೆ ಹಸಿರು, ಕೆಂಪು, ಹಳದಿ ಹೆಚ್ಚು ಹತ್ತಿರ. ಎರಡರ ಹಿಂದೆಯೂ ಬೇರೆ ಬೇರೆ ಪಕ್ಷ, ಹಳೆಯ ಮುನಿಸು. ಇದಾವುದೂ ಗೊತ್ತಿಲ್ಲದೆ ಸಿಕ್ಕಸಿಕ್ಕವರ ಕೈಗೆ ಸಿಕ್ಕಿದ್ದನ್ನು ಕೊಟ್ಟು ಇಬ್ಬರು ಹಿರಿಯರ ನಡುವೆ ಜಗಳ ಹಚ್ಚಿದೆ.

ನಿಷೇಧದ ತಲೆನೋವು ಬೇರೆ. ಟರ್ಕಿಯ ವಿರುದ್ಧ ಆಯುಧ ಹಿಡಿದಿದ್ದ ಕುರ್ದ್ ಪಕ್ಷ ಪಿಕೆಕೆ ಜರ್ಮನಿಯಲ್ಲಿ 1993ರಿಂದ ನಿಷಿದ್ಧ. 2017ರಲ್ಲಿ ನಿಷಿದ್ಧ ಲಾಂಛನಗಳ ಪಟ್ಟಿ ಇನ್ನೂ ಉದ್ದವಾಯಿತು. 2018ರ ಜನವರಿ 27ರಂದು ಕಲೋನ್‌ನ ದೊಡ್ಡ ಮೆರವಣಿಗೆಯನ್ನು ಪೊಲೀಸರು ನಡುವೆಯೇ ನಿಲ್ಲಿಸಿದ್ದು ಪಿಕೆಕೆ ಸ್ಥಾಪಕ ಅಬ್ದುಲ್ಲಾ ಒಜಲಾನ್ ಚಿತ್ರವಿದ್ದ ಬಾವುಟಗಳ ಕಾರಣಕ್ಕೆ. ಅದೇ ಭಯದಲ್ಲಿ ಇನ್ನೊಂದು ಕಡೆ ಅಜ್ಜಿಯೊಬ್ಬರಿಗೆ "ಇಳಿಸಿ" ಎಂದು ಗದರಿದೆ. ಅವರು ಬಟ್ಟೆಯನ್ನು ಮಡಚಿ ಕೋಟಿನೊಳಗೆ ಇಟ್ಟುಕೊಂಡು, ಬರಿಯ ಕೋಲನ್ನು ನನ್ನ ಕೈಗಿತ್ತು ಮುಂದೆ ನಡೆದರು. ನಿಯಮ ಉಳಿಯಿತು, ನನ್ನ ಮಾನ ಹೋಯಿತು. ಈಗ ಜನ ಸೇರುವ ಜಾಗದಲ್ಲೇ, ಹೊರಡುವ ಮುನ್ನ, ಕುರ್ದ್ ಹೆಂಗಸೊಬ್ಬರ ಬಾಯಲ್ಲೇ ನಿಯಮ ಹೇಳಿಸುತ್ತೇವೆ.

3. ಕರಪತ್ರ ಯಾರಿಗೆಂದು ತಿಳಿದು ಅಚ್ಚು ಹಾಕಿಸಿ.

ಉತ್ಸಾಹದಲ್ಲಿ ಕುರ್ದಿಶ್‌ನ ಕುರ್ಮಾಂಜಿ ನುಡಿಯಲ್ಲಿ ಕಟ್ಟುಗಟ್ಟಲೆ ಅಚ್ಚು ಹಾಕಿಸಿದೆ. ಅದು ಲ್ಯಾಟಿನ್ ಅಕ್ಷರದಲ್ಲಿತ್ತು. ಇರಾಕಿನ ಸುಲೈಮಾನಿಯಾದ ಹುಡುಗ ತಿರುವಿ ನೋಡಿ ವಾಪಸ್ ಕೊಟ್ಟ. ಅವನದು ಇನ್ನೊಂದು ಕುರ್ದಿಶ್ ನುಡಿ ಸೊರಾನಿ, ಓದುವುದು ಅರಬ್ಬಿ ಅಕ್ಷರದಲ್ಲಿ. ಟರ್ಕಿಯ ದಿಯಾರ್‌ಬಕೀರ್‌ನ ಹಿರಿಯರಿಗೆ ಕುರ್ಮಾಂಜಿಯೇ ಮನೆಮಾತು, ಆದರೆ ಓದಲು ಬಾರದು. ಶಾಲೆಯಲ್ಲಿ ಟರ್ಕಿಶ್ ಬಿಟ್ಟು ಬೇರೇನೂ ಕಲಿಸಿರಲಿಲ್ಲ. ಇಷ್ಟಕ್ಕೂ ಮೆರವಣಿಗೆಯಲ್ಲಿ ನಡೆಯುವವರಿಗೆ ತಾವೇಕೆ ಬಂದಿದ್ದೇವೆಂದು ಕಾಗದ ಹೇಳಬೇಕೆ? ಅದು ಬೇಕಾದದ್ದು ಚೀಲ ಹಿಡಿದು ಫುಟ್‌ಪಾತಿನಲ್ಲಿ ನಿಂತು ನೋಡುವವರಿಗೆ. ಈಗ ಒಂದೇ ಪುಟ, ಜರ್ಮನ್‌ನಲ್ಲಿ, ಬೇಡಿಕೆ ಮೊದಲ ಸಾಲಿನಲ್ಲೇ.

4. ಕುಣಿಯುವವರನ್ನು ತಡೆಯಬೇಡಿ.

ಸಾವಿನ ಸುದ್ದಿ ಬಂದ ದಿನವೂ ದಾವುಲ್ ಡೋಲು, ಜುರ್ನಾ ಓಲಗ ಮೊಳಗಿದವು. ಕೈಕೈ ಹಿಡಿದು ಸಾಲುಗಟ್ಟಿ ಗೋವೆಂದ್ ಕುಣಿತ ಶುರುವಾಯಿತು. ಶೋಕದ ಹೊತ್ತಲ್ಲಿ ಇದೇನೆಂದು ನಿಲ್ಲಿಸಲು ಓಡಿದೆ. ಪಕ್ಕದ ಮನೆಯಾತ ನನ್ನ ತೋಳು ಹಿಡಿದು, 1992ರ ನೌರೋಜ್ ಹಬ್ಬದಂದು ಟರ್ಕಿಯ ಜಿಜ್ರೆ, ನುಸೈಬಿನ್ ಕಡೆ ಹಬ್ಬಕ್ಕೆ ಸೇರಿದ ಎಷ್ಟೋ ಜನ ಗುಂಡಿಗೆ ಬಲಿಯಾದದ್ದನ್ನು ಹೇಳಿದ. ಹಬ್ಬ ಮಾಡಿದ್ದಕ್ಕೇ ಗುಂಡು ತಿಂದವರಿಗೆ ಕುಣಿತವೂ ಪ್ರತಿಭಟನೆಯೇ. ಅದಲ್ಲದೆ, ಫೆಬ್ರುವರಿಯ ಚಳಿಯಲ್ಲಿ ಭಾಷಣ ಉದ್ದವಾದಷ್ಟೂ ಜನ ಕರಗುತ್ತಾರೆ, ಗೋವೆಂದ್ ಶುರುವಾದರೆ ಹೊರಟವರೂ ತಿರುಗಿ ಬರುತ್ತಾರೆ. ಈಗ ಭಾಷಣಗಳಿಗೆ ಕತ್ತರಿ, ದಾವುಲ್‌ಗೆ ಜಾಗ.

5. ಮುಖಗಳ ಫೋಟೊ ಬೇಡ.

ಮೊದಮೊದಲು ಘೋಷಣೆ ಕೂಗುವವರ ಮುಖ ಹತ್ತಿರದಿಂದ ಹಿಡಿದು ಹಂಚಿದ್ದೇ ಹಂಚಿದ್ದು. ಒಬ್ಬ ಹುಡುಗಿ ಬಂದು, "ಅಣ್ಣ, ಬೇಸಿಗೆಗೆ ಊರಿಗೆ ಹೋಗಬೇಕು, ಇದನ್ನು ತೆಗೆದುಬಿಡಿ" ಎಂದಳು. 2018ರಲ್ಲಿ ಅಫ್ರಿನ್ ದಾಳಿಯ ವಿರುದ್ಧ ಸಾಮಾಜಿಕ ಜಾಲತಾಣದಲ್ಲಿ ಬರೆದುಕೊಂಡರೆಂದು ಟರ್ಕಿಯಲ್ಲಿ ನೂರಾರು ಜನರನ್ನು ಹಿಡಿದಿದ್ದರು. ಜರ್ಮನ್ ಪಾಸ್‌ಪೋರ್ಟ್ ಇದ್ದ ಕುರ್ದ್ ಮೂಲದವರೂ ಅಲ್ಲಿಗೆ ಹೋದಾಗ ಸಿಕ್ಕಿಬಿದ್ದದ್ದುಂಟು. ಮುಖ ಮುಚ್ಚಿಕೊಳ್ಳೋಣವೆಂದರೆ ಜರ್ಮನಿಯ ಕಾನೂನು ಅದಕ್ಕೂ ಬಿಡುವುದಿಲ್ಲ. ಹಾಗಾಗಿ ಆ ಮುಖಗಳನ್ನು ಕಾಯುವ ಜವಾಬ್ದಾರಿ ಕ್ಯಾಮೆರಾ ಹಿಡಿದವನದೇ. ನಾನೀಗ ತೆಗೆಯುವುದು ಬ್ಯಾನರು, ಬೆನ್ನುಗಳು.

6. ಗೆಲುವನ್ನು ನಮ್ಮ ಖಾತೆಗೆ ಬರೆದುಕೊಳ್ಳಬಾರದು.

ಹೊಸಬರು ಬಂದಾಗಲೆಲ್ಲ "ಕೊಬಾನಿಯನ್ನು ಉಳಿಸಿದ್ದು ಬೀದಿ" ಎಂದು ಬೀಗುತ್ತಿದ್ದೆ. 2014ರ ಅಕ್ಟೋಬರ್‌ನಲ್ಲಿ ಪ್ರತಿಭಟನಾಕಾರರು ಬ್ರಸೆಲ್ಸ್‌ನ ಯುರೋಪಿಯನ್ ಪಾರ್ಲಿಮೆಂಟಿನ ಒಳಗೇ ನುಗ್ಗಿದ್ದರು. ಅದೇ ತಿಂಗಳು ಅಮೆರಿಕದ ವಿಮಾನಗಳು ಕೊಬಾನಿಯಲ್ಲಿ ಆಯುಧ ಇಳಿಸಿದವು. 2015ರ ಜನವರಿ 26ಕ್ಕೆ ಐಸಿಸ್ ಊರು ಬಿಟ್ಟು ಓಡಿತು. ನನ್ನ ಕತೆಗೆ ಎಲ್ಲವೂ ಸರಿಹೊಂದುತ್ತಿತ್ತು, ಬೀದಿಬೀದಿ ಹೋರಾಡಿ ಪ್ರಾಣ ಕೊಟ್ಟ ಅಲ್ಲಿನ ಹೆಣ್ಣುಗಂಡುಗಳನ್ನು ಮರೆತರೆ.

ಅಫ್ರಿನ್ ನನ್ನ ಬಾಯಿ ಮುಚ್ಚಿಸಿತು. 2018ರ ಜನವರಿ 20ಕ್ಕೆ ಟರ್ಕಿಯ ದಾಳಿ ಶುರುವಾದಂದಿನಿಂದ ಯುರೋಪಿನ ಬೀದಿಗಳು ತುಂಬುತ್ತಲೇ ಇದ್ದವು. ಮಾರ್ಚ್ 18ರಂದು ಅಫ್ರಿನ್ ಬಿತ್ತು. ವಿಶ್ವ ಅಫ್ರಿನ್ ದಿನ ಬಂದದ್ದು ಅದಾಗಿ ಆರು ದಿನಕ್ಕೆ. ಅವತ್ತು ಏನೆಂದು ಕೂಗುವುದೋ ತಿಳಿಯದೆ ಸುಮ್ಮನೆ ನಡೆದೆ.

ಹಾಗಾದರೆ ಉಳಿದದ್ದೇನು? 2019ರ ಅಕ್ಟೋಬರ್ 9, ಬುಧವಾರ, ಟರ್ಕಿ ಮತ್ತೆ ಗಡಿ ದಾಟಿತು. ಶನಿವಾರಕ್ಕೆ ಯಾರೂ ಕಾಯಲಿಲ್ಲ. ಅಫ್ರಿನ್ ಕಾಲದಲ್ಲಿ ಪರಸ್ಪರ ನಂಬರು ಪಡೆದಿದ್ದವರು ಒಬ್ಬರಿಗೊಬ್ಬರು ಫೋನು ಮಾಡಿ ಅಂದು ಸಂಜೆಯೇ ಚೌಕಕ್ಕೆ ಬಂದರು. ಮೈಕು ಯಾರ ಮನೆಯಲ್ಲಿದೆ, ಪೊಲೀಸರೊಡನೆ ಯಾರು ಮಾತಾಡುತ್ತಾರೆ, ಎಲ್ಲವೂ ಗೊತ್ತಿತ್ತು.

"ಇದರಿಂದ ಯುದ್ಧ ನಿಲ್ಲುತ್ತದಾ?" ಎಂದು ಹೊಸಬರು ಕೇಳಿದರೆ, ನಿಲ್ಲದೆಯೂ ಇರಬಹುದು ಎನ್ನುತ್ತೇನೆ. ಹಾಗೆಂದು, ಅವರ ನಂಬರು ಬರೆದುಕೊಳ್ಳದೆ ಬಿಡುವುದಿಲ್ಲ.