ಹುದ್ದೆ ಕೇಳಿ ಪಡೆದವನ ಲೆಕ್ಕ

ಸಹೋದರರೇ, ಅಧಿಕಾರವನ್ನು ಕೇಳಿ ಪಡೆಯಬಾರದೆಂದು ಪ್ರವಾದಿ(ಸ)ರು ಅಬ್ದುರ್ರಹ್ಮಾನ್ ಬಿನ್ ಸಮುರಾ(ರ)ರಿಗೆ ತಿಳಿಸಿದ್ದರು. ಕೇಳದೆ ಬಂದರೆ ಅಲ್ಲಾಹನ ಸಹಾಯವಿದೆ, ಕೇಳಿ ಪಡೆದವನು ಅದರ ಹೊರೆಯೊಂದಿಗೆ ಒಂಟಿಯಾಗುತ್ತಾನೆ ಎಂಬುದು ತಾತ್ಪರ್ಯ. ಏಕೆ? ಹಠ ಹಿಡಿದು ಗೆದ್ದವನಿಗೆ ಹುದ್ದೆ ಅಮಾನತ್ ಅನಿಸುವುದಿಲ್ಲ, ಸ್ವಂತ ಸಂಪಾದನೆ ಅನಿಸುತ್ತದೆ. ಆಮೇಲೆ ಬಿಲ್ ಕೇಳಿದವನೇ ಶತ್ರು.

ಪರ್ತ್‌ನ ಸಂಗತಿ ನೋಡಿ. ಬ್ರಯಾನ್ ಬರ್ಕ್ 1983ರಿಂದ 1988ರವರೆಗೆ ಪಶ್ಚಿಮ ಆಸ್ಟ್ರೇಲಿಯಾದ ಪ್ರೀಮಿಯರ್, ಅಂದರೆ ನಮ್ಮೂರಿನ ಮುಖ್ಯಮಂತ್ರಿ ಇದ್ದಂತೆ. ಅವರ ಕಾಲದ ವ್ಯಾಪಾರ ಒಪ್ಪಂದಗಳಲ್ಲಿ ಸರಕಾರ ಕೋಟ್ಯಂತರ ಡಾಲರ್ ಕಳೆದುಕೊಂಡಿತು. ಆದರೆ 1994ರಲ್ಲಿ ಅವರನ್ನು ಜೈಲಿಗೆ ಕಳಿಸಿದ್ದು ಪ್ರಯಾಣ ಭತ್ಯೆಯ ಸುಳ್ಳು ಲೆಕ್ಕ! ಲೆಕ್ಕ ಬರೆಯುವ ನನಗೆ ಇದು ಅಚ್ಚರಿಯಲ್ಲ. ಮನಸ್ಸು ಮೊದಲು ಜಾರುವುದು ಸಣ್ಣ ವೋಚರ್‌ನಲ್ಲೇ.

ಈದ್ ಕಳೆದ ಮೇಲೆ ನಮ್ಮ ಸಂಘದ ಹೊಸ ಸಮಿತಿ ಆಗಬೇಕಿದೆ. ಖಜಾಂಚಿಯಾಗುವ ಆಸೆ ನನಗೂ ಇದೆ. ಅದಕ್ಕೇ ಹೆಸರು ಕೊಟ್ಟಿಲ್ಲ.