ಚೆಕಿಂಗ್ ಚಾರ್ಜಿಗೆ ಚೌಕಾಸಿ ಯಾಕೆ?

ಗ್ಯಾರೇಜಿನ ಬಿಲ್ಲು ಕೈಗೆ ಬಂದರೆ ನಮ್ಮ ಕಣ್ಣು ಮೊದಲು ಹೋಗುವುದು ಲೇಬರ್ ಚಾರ್ಜಿನ ಮೇಲೆ. ‘ಬರೀ ನೋಡಿದ್ದಕ್ಕೆ 600 ರೂಪಾಯಿಯಾ?’ ಎಂದು ರಾಗ ಎಳೆಯುತ್ತೇವೆ. ಅದೇ ಬಿಲ್ಲಿನಲ್ಲಿ ನಾಲ್ಕು ಸಾವಿರದ ಪಾರ್ಟು ಇದ್ದರೆ ಮರುಮಾತಿಲ್ಲ. ಡಬ್ಬಿ ಕಣ್ಣಿಗೆ ಕಾಣುತ್ತದಲ್ಲ! ಎಬಿಎಸ್ ಲೈಟು ಹತ್ತಿದ ಕಾರಿನ ಮಟ್ಟಿಗೆ ಈ ಲೆಕ್ಕಾಚಾರ ಪೂರಾ ತಲೆಕೆಳಗು.

ಮಳೆಗಾಲದಲ್ಲಿ ಸಾಗರದ ಕಡೆಯ ಕೆಸರು ರಸ್ತೆಗಳಲ್ಲಿ ಓಡಾಡಿ ಬಂದಮೇಲೆ ನಮ್ಮ ಕಾರಿನ ಮೀಟರಿನಲ್ಲಿ ಹಳದಿ ಎಬಿಎಸ್ ಲೈಟು ಹತ್ತಿಕೊಂಡಿತು. ಬ್ರೇಕು ಎಂದಿನಂತೆ ಹಿಡಿಯುತ್ತಿತ್ತು. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಹಾಕಿದರು, ‘ಸಿ0035’ ಎಂದು ಬಂತು. ‘ಮುಂದಿನ ಎಡ ಚಕ್ರದ ಸೆನ್ಸರ್ ಹೋಗಿದೆ ಸರ್, ಚೇಂಜ್ ಮಾಡಬೇಕು.’ ಎಸ್ಟಿಮೇಟು ಜಿಎಸ್‌ಟಿ ಸೇರಿ 5,000 ರೂಪಾಯಿಯ ಹತ್ತಿರ.

ನಾನು ಒಪ್ಪಲಿಲ್ಲ. ಆ ಕೋಡು ಹೇಳುವುದು ಆ ಚಕ್ರದ ಸೆನ್ಸರಿನ ಸರ್ಕ್ಯೂಟಿನಲ್ಲಿ ಎಲ್ಲೋ ತೊಂದರೆಯಿದೆ ಎಂದಷ್ಟೆ. ಸರ್ಕ್ಯೂಟು ಅಂದಮೇಲೆ ಸೆನ್ಸರ್ ಇದೆ, ವೈರಿದೆ, ಕಪ್ಲರ್ ಇದೆ. ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗಿಗೆ ತುಕ್ಕು ಹಿಡಿದರೂ ಸೆನ್ಸರಿಗೆ ಎಣಿಕೆ ತಪ್ಪುತ್ತದೆ. ಎಷ್ಟೋ ಕಾರುಗಳಲ್ಲಿ ಹಲ್ಲಿನ ರಿಂಗೇ ಇಲ್ಲ, ಬೇರಿಂಗಿನ ಒಂದು ಮೈಗೆ ಅಯಸ್ಕಾಂತದ ಪಟ್ಟಿ ಇರುತ್ತದೆ. ಬೇರಿಂಗ್ ಬದಲಿಸಿದವರು ಅದನ್ನು ತಿರುಗಾಮುರುಗಾ ಕೂರಿಸಿದರೆ ಹೊಸ ಸೆನ್ಸರ್ ಹಾಕಿದರೂ ಲೈಟು ಆರುವುದಿಲ್ಲ.

ಪೇಟೆಯ ಆಟೊ ಎಲೆಕ್ಟ್ರಿಷಿಯನ್ ಮೊದಲೇ ಹೇಳಿಬಿಟ್ಟ: ‘ನೋಡೋದಕ್ಕೇ ದುಡ್ಡು ಆಗ್ತದೆ ಮಾರಾಯ್ರೆ, ಆಮೇಲೆ ಬೇಜಾರು ಮಾಡ್ಕೊಬೇಡಿ.’ ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗ ತೋರಿಸುವ ಪುಟ ತೆರೆದು ನನ್ನ ಪಕ್ಕ ಕೂತು, ನಿಧಾನ ಓಡಿಸಿ ಎಂದ. ನೇರ ಹೋಗುವಾಗ ನಾಲ್ಕು ಚಕ್ರಕ್ಕೂ ಹೆಚ್ಚುಕಡಿಮೆ 20. ಬಲಕ್ಕೆ ಪೂರ್ತಿ ಕಟ್ ಮಾಡಿದೊಡನೆ ಎಡ ಚಕ್ರದ್ದು ಸೊನ್ನೆ! ಸ್ಟೇರಿಂಗ್ ನೇರವಾದರೆ ಮತ್ತೆ ಸರಿ. ಸೆನ್ಸರ್ ಸತ್ತಿದ್ದರೆ ಸ್ಟೇರಿಂಗ್ ಯಾವ ಕಡೆಗಿದ್ದರೆ ಅದಕ್ಕೇನು? ಚಕ್ರ ತಿರುಗಿದಾಗ ಎಳೆದುಕೊಳ್ಳುವುದು ವೈರು. ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಬಿಚ್ಚಿದಾಗ ಗೂಟದಿಂದ ಕಳಚಿ ಜೋತಾಡುತ್ತಿದ್ದ ವೈರು, ಕೆಸರು ಮೆತ್ತಿದ ಕಪ್ಲರ್, ಅದರೊಳಗೆ ಹಸಿರು ಕಿಲುಬು ಹಿಡಿದು ಮುಟ್ಟಿದರೆ ಉದುರುವ ಪಿನ್ನು. ಹೊಸ ಪಿನ್ನು ಹಾಕಿ ವೈರನ್ನು ಗೂಟಕ್ಕೆ ಸಿಕ್ಕಿಸಿದ. ಚೆಕಿಂಗಿಗೆ 600, ಕೆಲಸಕ್ಕೆ 350. ಒಂದು ರೂಪಾಯಿ ಕಡಿಮೆ ಕೇಳಲಿಲ್ಲ ನಾನು.

ಕೆಲವರು ಮಲ್ಟಿಮೀಟರ್ ಹಿಡಿದು ಸೆನ್ಸರಿನ ಓಮ್ ನೋಡಿ ತೀರ್ಪು ಕೊಡುತ್ತಾರೆ. ಹಳೆಯ ಕಾಯಿಲ್ ಸೆನ್ಸರಿಗೆ ಅದು ಸರಿ, ಸಾಮಾನ್ಯವಾಗಿ ಸಾವಿರದ ಆಸುಪಾಸು ತೋರಿಸುತ್ತದೆ. ಈಗಿನ ಕಾರುಗಳ ಹಾಲ್ ಸೆನ್ಸರಿಗೆ ಆ ಪರೀಕ್ಷೆ ನಡೆಯುವುದಿಲ್ಲ. ಆದ್ದರಿಂದ ‘ಸೆನ್ಸರ್ ಹೋಗಿದೆ’ ಎಂದವರನ್ನು ‘ಹೇಗೆ ಗೊತ್ತಾಯಿತು, ವೈರಿಂಗ್ ನೋಡಿದಿರಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಎಲೆಕ್ಟ್ರಿಕಲ್ ಸಾಮಾನನ್ನು ಒಮ್ಮೆ ಡಬ್ಬಿಯಿಂದ ತೆಗೆದರೆ ಸ್ಪೇರ್‌ಪಾರ್ಟ್ಸ್ ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಕಷ್ಟ. ಊಹೆ ತಪ್ಪಿದರೆ ನಷ್ಟ ಗ್ಯಾರೇಜಿನವರದ್ದಲ್ಲ, ನಮ್ಮದು.

2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಆಗ ಕೊಂಡ ಕಾರುಗಳಲ್ಲಿ ಹೆಚ್ಚಿನವುಗಳ ವಾರಂಟಿ ಮುಗಿದಿದೆ. ಸಾಮಾನ್ಯ ವಿಮಾ ಪಾಲಿಸಿ ಅಪಘಾತಕ್ಕೆ ಕೊಟ್ಟೀತು, ತಾನಾಗಿ ಕೆಟ್ಟ ಸೆನ್ಸರಿಗೆ ಕೊಡುವುದಿಲ್ಲ.

ಇಷ್ಟೆಲ್ಲ ಹಳದಿ ಲೈಟಿನ ಮಾತು. ಎಬಿಎಸ್ ಇಲ್ಲದೆಯೂ ಬ್ರೇಕು ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ತುಳಿದರೆ ಚಕ್ರ ಲಾಕಾಗಿ ಕಾರು ಜಾರಬಹುದು, ಅದಕ್ಕೇ ರಿಪೇರಿ ಮುಂದೂಡಬಾರದು. ಜೊತೆಗೆ ಕೆಂಪು ಬ್ರೇಕ್ ಲೈಟೂ ಹತ್ತಿದರೆ, ಹ್ಯಾಂಡ್‌ಬ್ರೇಕ್ ಇಳಿದಿದೆಯೇ, ಬ್ರೇಕ್ ಆಯಿಲ್ ಕಡಿಮೆಯಾಗಿದೆಯೇ ನೋಡಿ. ಎರಡೂ ಸರಿಯಿದ್ದೂ ಕೆಂಪು ಆರದಿದ್ದರೆ ಅಗ್ಗದ ಮೆಕ್ಯಾನಿಕ್ಕನ್ನು ಹುಡುಕುತ್ತ ಊರು ಸುತ್ತಬೇಡಿ, ಟೋಯಿಂಗ್ ಗಾಡಿ ಕರೆಸಿ.